ನೀರು ಬೇಡಿತೆ, ಗೌಡ ಬೇಡಿದನೆ?

ನಮ್ಮ ಜಾನಪದ ವಿಮರ್ಶೆಯಲ್ಲಿ 'ತ್ಯಾಗ' ಎಂಬ ಮಾತು ಬಹಳ ಅಗ್ಗದ ಬೆಲೆಗೆ ಸಿಗುತ್ತದೆ. ಒಬ್ಬಳು ಸತ್ತಿರುತ್ತಾಳೆ, ನಾಲ್ಕು ಜನ ಸೇರಿ ಕೊಂದಿರುತ್ತಾರೆ; ನಡುವೆ ಬಂದು ನಿಂತ ಪಂಡಿತ ಅದಕ್ಕೆ ತ್ಯಾಗ ಅಂತ ಹೆಸರಿಟ್ಟು ಕೈ ತೊಳೆದುಕೊಳ್ಳುತ್ತಾನೆ. 'ಕೆರೆಗೆ ಹಾರ' ಎಂಬ ಕಥನಗೀತೆಗೆ ಆಗಿರುವುದು ಇದೇ. ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡು ಪಠ್ಯಪುಸ್ತಕದೊಳಕ್ಕೆ ಹೊಕ್ಕು, ಭಾಗೀರಥಿಯ ತ್ಯಾಗವನ್ನು ವಿವರಿಸಿರಿ ಎಂಬ ಪ್ರಶ್ನೆಗೆ ಉತ್ತರವಾಗಿ ಇಳಿದಿದೆ. ನಾವು ಇಲ್ಲಿ ಕೇಳಬೇಕಾಗಿರುವುದು ಒಂದೇ ಪ್ರಶ್ನೆ: ಆ ಹಾರವನ್ನು ಬೇಡಿದವರು ಯಾರು? ನೀರೋ, ನೀರಿನ ಒಡೆಯನೋ?

ಇದು ನಮಗೆ ಪುಸ್ತಕದಿಂದ ಬಂದ ಪ್ರಶ್ನೆಯಲ್ಲ. ಬಳ್ಳಾರಿ ತಾಲ್ಲೂಕಿನ ರೂಪನಗುಡಿಯಂಥ ಎರೆಭೂಮಿಯಲ್ಲಿ ಬದುಕುವವರಿಗೆ ನೀರಿನ ದೇವರ ಕತೆ ಬರೇ ಕತೆಯಲ್ಲ. ವರ್ಷಕ್ಕೆ ಹೆಚ್ಚೂಕಡಿಮೆ 500 ಮಿಲಿಮೀಟರ್ ಮಳೆ ಬೀಳುವ ಸೀಮೆ ಇದು. ಅದೂ ಬಂದ್ರ ಬಂತು, ಇಲ್ಲಂದ್ರ ಇಲ್ಲ. ಬೋರು ಕೊರೆಸಿ ನೀರು ಚಿಮ್ಮಿದರೆ ಮೊದಲು ಗಂಗಮ್ಮಗ ಕಾಯಿ, ಆಮೇಲೆ ಮೋಟರು. ಕೆರೆ ತುಂಬಿದರೆ ಗಂಗಮ್ಮ ಬಂದಳು ಅಂತಾರ, ಬತ್ತಿದರೆ ಮುನಿಸಿಕೊಂಡು ಹೋದಳು ಅಂತಾರ. ಇಂಥ ಕಡೆ ನೀರಿನ ಹೆಸರಿನಲ್ಲಿ ಯಾರು ಮಾತಾಡುತ್ತಾರೆ ಎಂಬುದು ಬದುಕು ಸಾವಿನ ಪ್ರಶ್ನೆ. ಕಾಣದ ದೇವತೆಯ ಬಾಯಿ ಯಾರ ಕೈಯಲ್ಲಿದೆಯೋ ನೀರೂ ಅವರ ಕೈಯಲ್ಲಿರುತ್ತದೆ.

ಹಾಡನ್ನೇ ನೋಡೋಣ. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ಕೆರೆಗೆ ನೀರು ಬೀಳುವುದಿಲ್ಲ. ಹೊತ್ತಿಗೆ ತೆಗೆಸಿ ಕೇಳಿದರೆ ಸೊಸೆಯನ್ನು ಹಾರ ಕೊಡಬೇಕು ಎಂದು ಬರುತ್ತದೆ. ಹಿರಿಸೊಸೆಯನ್ನು ಕೊಟ್ಟರೆ ಮನೆಯ ಹಿರಿತನ ಮಾಡುವವರು ಯಾರು? ಹಾಗಾಗಿ ಕಿರಿಸೊಸೆ ಭಾಗೀರಥಿ. ಗಂಡ ಮಾದೇವರಾಯ ದಂಡಿನಲ್ಲಿದ್ದಾನೆ. ಸುದ್ದಿ ಕಿವಿಗೆ ಬಿದ್ದ ಭಾಗೀರಥಿ ತವರಿಗೆ ಓಡಿಹೋಗುತ್ತಾಳೆ. ಅಪ್ಪನಿಗೆ, ಅವ್ವನಿಗೆ ನಿಜ ಹೇಳಲಾರಳು. ಅತ್ತೆ ಮಾವ ಬೇರೆ ಇಡುತ್ತಾರಂತೆ ಎಂದು ಏನೋ ಒಂದು ನೆವ ಹೇಳುತ್ತಾಳೆ. ಅವರು ಹೊಲ, ಒಡವೆ ಕೊಡುತ್ತೇವೆ ಅಂತಾರ. ನಿಜ ಹೇಳುವುದು ಗೆಳತಿಯ ಮುಂದೆ ಮಾತ್ರ. ಆ ಗೆಳತಿಯಾದರೂ ಏನು ಮಾಡಿಯಾಳು? ಇಟ್ಟ ಹಾಗೆ ಇರಬೇಕು ಎಂಬ ಮಾತಷ್ಟೇ ಅವಳ ಬಳಿ ಇದೆ. ಭಾಗೀರಥಿ ಹಿಂದಕ್ಕೆ ಬರುತ್ತಾಳೆ. ಎಲ್ಲರೂ ಕೆರೆಗೆ ಹೋಗಿ ಗಂಗೆಯ ಪೂಜೆ ಮಾಡಿ, ಉಂಡು, ಮನೆಯ ದಾರಿ ಹಿಡಿಯುತ್ತಾರೆ. ಬಂಗಾರದ ಬಟ್ಟಲು ಕೆರೆಯಲ್ಲೇ ಉಳಿದಿದೆ. ಅದನ್ನು ತರಲು ಕಿರಿಸೊಸೆ ಹೋಗಬೇಕು. ಅವಳು ಒಂದೊಂದು ಮೆಟ್ಟಿಲು ಹತ್ತಿದಂತೆ ನೀರು ಪಾದಕ್ಕೆ, ಮೊಣಕಾಲಿಗೆ, ನಡುವಿಗೆ, ಎದೆಗೆ ಏರುತ್ತದೆ. ಕೆರೆ ತುಂಬುತ್ತದೆ.

ಇಲ್ಲಿ ತ್ಯಾಗ ಎಲ್ಲಿದೆ ಅಂತ ನಾವು ಹುಡುಕಿದೆವು, ಸಿಗಲಿಲ್ಲ. ತ್ಯಾಗ ಅಂದರೆ ನನ್ನದನ್ನು ನಾನು ಕೊಡುವುದು. ಇಲ್ಲಿ ಗೌಡ ಕೊಡುವುದು ಇನ್ನೊಬ್ಬರ ಜೀವ. ಭಾಗೀರಥಿಗೆ ವಿಷಯ ಗೊತ್ತಿತ್ತು, ಆದ್ದರಿಂದ ಒಪ್ಪಿದ್ದಳು ಅಂತ ಕೆಲವರು ವಾದಿಸುತ್ತಾರೆ. ಗೊತ್ತಿರುವುದು ಬೇರೆ, ಒಪ್ಪುವುದು ಬೇರೆ. ಜೀತಕ್ಕಿದ್ದವನಿಗೂ ತಾನು ಜೀತದಲ್ಲಿದ್ದೇನೆ ಎಂದು ಗೊತ್ತಿರುತ್ತದೆ. ನೀನು ಒಪ್ಪುತ್ತೀಯಾ ಎಂದು ಭಾಗೀರಥಿಯನ್ನು ಯಾರೂ ಕೇಳುವುದಿಲ್ಲ. ಒಪ್ಪಿದವಳಾಗಿದ್ದರೆ ಬಟ್ಟಲಿನ ನೆವ ಯಾಕೆ ಬೇಕಿತ್ತು? ನೇರವಾಗಿ ಹೇಳಿ ಕಳಿಸಬಹುದಿತ್ತಲ್ಲ?

ಇನ್ನೊಂದು ಮಾತನ್ನು ಗಮನಿಸಬೇಕು. ಈ ಹಾಡಿನಲ್ಲಿ ನೀರು ಒಮ್ಮೆಯೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳುವುದು ಹೊತ್ತಿಗೆ. ಆರಿಸುವುದು ಗೌಡ. ಹೊತ್ತಿಗೆ ಓದುವವನಿಗೂ ಕೆರೆ ಕಟ್ಟಿಸಿದವನಿಗೂ ನಡುವೆ ಒಂದು ಒಪ್ಪಂದ ಇದೆ, ಅದರ ಖರ್ಚು ಮಾತ್ರ ಮೂರನೆಯವರ ಮೇಲೆ. ಪುರೋಹಿತಶಾಹಿ ಮತ್ತು ಊಳಿಗಮಾನ್ಯದ ಸಂಬಂಧ ಏನು ಎಂದು ಅಧ್ಯಯನ ಶಿಬಿರದಲ್ಲಿ ಗಂಟೆಗಟ್ಟಲೆ ವಿವರಿಸುತ್ತೇವೆ. ಓದು ಬಾರದ ಹೆಣ್ಣುಮಕ್ಕಳು ಅದನ್ನು ಬೀಸುವ ಕಲ್ಲಿನ ಮುಂದೆ ಕೂತು ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸಿದ್ದಾರೆ.

ಇದು ನಮ್ಮ ಸೀಮೆಯ ಕತೆ ಮಾತ್ರ ಎಂದು ತಿಳಿಯಬಾರದು. ಸೆರ್ಬಿಯಾದ ಜನಪದದಲ್ಲಿ ಸ್ಕಾದರ್ ಕೋಟೆ ಕಟ್ಟಿದ ಹಾಡೊಂದಿದೆ. 19ನೇ ಶತಮಾನದಲ್ಲಿ ವೂಕ್ ಕರಾಜಿಚ್ ಅದನ್ನು ಸಂಗ್ರಹಿಸಿದ. ಬೊಯಾನಾ ನದಿಯ ದಂಡೆಯ ಮೇಲೆ ಮೂವರು ಅಣ್ಣತಮ್ಮಂದಿರು 300 ಜನ ಕುಶಲಕರ್ಮಿಗಳನ್ನು ಹಚ್ಚಿ ಮೂರು ವರ್ಷ ಕಟ್ಟಿಸುತ್ತಾರೆ. ಹಗಲು ಕಟ್ಟಿದ್ದನ್ನು ರಾತ್ರಿ 'ವಿಲಾ' ಎಂಬ ಮಾಯಾವಿ ಹೆಣ್ಣು ಕೆಡವುತ್ತಾಳೆ. ನಾಳೆ ಕೆಲಸದವರಿಗೆ ಬುತ್ತಿ ತರುವ ಸೊಸೆಯನ್ನು ಗೋಡೆಯಲ್ಲಿಟ್ಟು ಕಟ್ಟಿದರೆ ನಿಂತೀತು ಎಂದು ಹೇಳುತ್ತಾಳೆ. ಹೆಂಡತಿಗೆ ಸುಳಿವು ಕೊಡಬಾರದು ಎಂದು ಮೂವರೂ ಆಣೆ ಮಾಡುತ್ತಾರೆ. ಹಿರಿಯರಿಬ್ಬರು ಆಣೆ ಮುರಿದು ತಮ್ಮ ಹೆಂಡಿರಿಗೆ ಮೆಲ್ಲಗೆ ಹೇಳುತ್ತಾರೆ. ಕಿರಿಯವನು ಹೇಳುವುದಿಲ್ಲ. ಬುತ್ತಿ ಹೊತ್ತು ಬರುವವಳು ಕಿರಿಸೊಸೆ. ಎದೆಹಾಲು ಕುಡಿಯುವ ಕೂಸಿದೆ, ಎದೆಯ ಹತ್ತಿರ ಒಂದು ಕಿಂಡಿ ಬಿಡಿರಿ ಎಂದು ಬೇಡಿಕೊಳ್ಳುತ್ತಾಳೆ. ಯಾಕೊಬ್ ಗ್ರಿಮ್‌ನಂಥ ದೊಡ್ಡ ವಿದ್ವಾಂಸ ಈ ಹಾಡನ್ನು ಮೆಚ್ಚಿ ಜರ್ಮನ್ ಭಾಷೆಗೆ ತಂದ.

ಗ್ರೀಸಿನ ಆರ್ತಾ ಎಂಬ ಊರಿನ ಸೇತುವೆಯ ಮೇಲೂ ಇಂಥದೇ ಹಾಡಿದೆ. 45 ಮಂದಿ ಮೇಸ್ತ್ರಿಗಳು, 60 ಮಂದಿ ಕೈಕೆಳಗಿನವರು ಹಗಲೆಲ್ಲ ಕಟ್ಟುತ್ತಾರೆ, ರಾತ್ರಿ ಸೇತುವೆ ನದಿಗೆ ಬೀಳುತ್ತದೆ. ದೊಡ್ಡ ಮೇಸ್ತ್ರಿಯ ಹೆಂಡತಿಯನ್ನು ಕೊಡಬೇಕು ಎಂದು ಒಂದು ಹಕ್ಕಿ ಮನುಷ್ಯರ ದನಿಯಲ್ಲಿ ನುಡಿಯುತ್ತದೆ. ಅವಳನ್ನು ಕುಣಿಯೊಳಗೆ ಇಳಿಸಿದ ಬಗೆ ಹೇಗೆ? ಗಂಡನ ಉಂಗುರ ಬಿದ್ದಿದೆ, ಇಳಿದು ಹುಡುಕಿ ಕೊಡು ಅಂತ. ಕಲ್ಲನಕೇರಿಯಲ್ಲಿ ಬಂಗಾರದ ಬಟ್ಟಲು, ಆರ್ತಾದಲ್ಲಿ ಉಂಗುರ. ಎರಡು ಕಡೆಯೂ ಆಸ್ತಿ ಗಂಡಿನದು, ಇಳಿದು ಎತ್ತಿಕೊಡುವ ಕೆಲಸ ಹೆಣ್ಣಿನದು. ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡೆಸ್ 1996ರಲ್ಲಿ ಗೋಡೆಗೆ ಬಲಿಯಾದ ಹೆಂಡತಿಯ ಹಾಡುಗಳ ಬಗ್ಗೆ ಒಂದು ಲೇಖನ ಸಂಕಲನವನ್ನೇ ತಂದ. ಈ ಕತೆ ಎಲ್ಲಿ ಹುಟ್ಟಿತು, ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ವಿದ್ವಾಂಸರು ಜಗಳಾಡಲಿ. ನಮಗೆ ಮುಖ್ಯವಾಗಿ ಕಾಣುವುದು ಬೇರೆ. ದೊಡ್ಡ ಕಟ್ಟಡ ಕಟ್ಟಿದ ಕಡೆಯಲ್ಲೆಲ್ಲ, ಇದಕ್ಕೆ ಸತ್ತವರು ಯಾರು ಎಂಬ ಪ್ರಶ್ನೆಯೂ ಎದ್ದಿದೆ. ಅದನ್ನು ನೇರವಾಗಿ ಕೇಳಲು ಹೆದರಿದ ಜನ ಹಾಡಿನಲ್ಲಿ ಕೇಳಿದ್ದಾರೆ.

ಒಂದು ವ್ಯತ್ಯಾಸ ಮಾತ್ರ ನಮ್ಮನ್ನು ಕಾಡುತ್ತದೆ. ಆರ್ತಾದ ಹೆಣ್ಣು ಸಾಯುವಾಗ ಶಾಪ ಹಾಕುತ್ತಾಳೆ: ನಾನು ನಡುಗುವಂತೆ ಈ ಸೇತುವೆ ನಡುಗಲಿ. ಪರದೇಶಕ್ಕೆ ಹೋದ ತಮ್ಮ ಒಂದು ದಿನ ಇದರ ಮೇಲೆ ದಾಟಿ ಬಂದಾನು ಎಂದು ನೆನಪು ಮಾಡಿಕೊಟ್ಟ ಮೇಲೆ ಶಾಪವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ. ಭಾಗೀರಥಿ ಶಾಪ ಹಾಕುವುದಿಲ್ಲ. ಅವಳ ಮೌನವನ್ನೇ ನಮ್ಮವರು ತ್ಯಾಗ ಎಂದು ಓದಿದ್ದು. ಆದರೆ ಹಾಡು ಕೆರೆ ತುಂಬಿದಲ್ಲಿಗೆ ಮುಗಿಯುವುದಿಲ್ಲ. ದಂಡಿನಲ್ಲಿದ್ದ ಮಾದೇವರಾಯ ಕೆಟ್ಟ ಕನಸು ಕಂಡು ಕುದುರೆ ಏರಿ ಬರುತ್ತಾನೆ. ಮನೆಯವರು ಸುಳ್ಳು ಹೇಳುತ್ತಾರೆ. ನಿಜ ಸಿಗುವುದು ಅದೇ ಗೆಳತಿಯ ಬಾಯಿಂದ. ಅವನು ಹೋಗಿ ಅದೇ ಕೆರೆಗೆ ಹಾರಿಕೊಳ್ಳುತ್ತಾನೆ. ಗೌಡ ಒಂದು ಜೀವ ಲೆಕ್ಕ ಹಾಕಿದ್ದ, ಹಾಡು ಅವನಿಂದ ಎರಡು ಜೀವ ವಸೂಲಿ ಮಾಡುತ್ತದೆ. ಎರಡನೆಯದು ಅವನದೇ ಮಗನದು. ತುಂಬಿದ ಕೆರೆಯ ಸಂಭ್ರಮಕ್ಕೆ ಹಾಡಿನಲ್ಲಿ ಜಾಗವೇ ಇಲ್ಲ. ಭಾಗೀರಥಿ ಹಾಕದ ಶಾಪವನ್ನು ಹಾಡಿದ ಹೆಂಗಸರು ಹಾಕಿದ್ದಾರೆ. ಇದನ್ನು ಕಾಣದ ವಿಮರ್ಶೆ ಕಣ್ಣಿದ್ದೂ ಕುರುಡು.

ಈಗ ನಮ್ಮದೇ ನೆಲದ ಚರಿತ್ರೆಗೆ ಬರೋಣ. ಭಾಗೀರಥಿ ಗೌಡನ ಮನೆಯ ಸೊಸೆ, ನಮ್ಮ ಕೇರಿಯವಳಲ್ಲ. ಅವಳಿಗೆ ಕೊನೆಗೆ ಒಂದು ಹೆಸರಾದರೂ ಇದೆ, ಹಾಡಾದರೂ ಇದೆ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್ ಒಂದು ಕೆರೆಯ ಬಗ್ಗೆ ಬರೆದಿಟ್ಟಿದ್ದಾನೆ. ಕೆಲಸಕ್ಕೆ 15-20 ಸಾವಿರ ಜನ ಇದ್ದಿರಬೇಕು, ಇರುವೆಯ ಹಾಗೆ ಮುತ್ತಿದ್ದರು, ನೆಲವೇ ಕಾಣುತ್ತಿರಲಿಲ್ಲ ಎನ್ನುತ್ತಾನೆ. ಕೆರೆ ಎರಡು ಮೂರು ಸಲ ಒಡೆಯಿತು. ರಾಜ ಬ್ರಾಹ್ಮಣರನ್ನು ಕೇಳಿದ. ದೇವರು ಮುನಿದಿದೆ, ಮನುಷ್ಯರ, ಕುದುರೆಗಳ, ಕೋಣಗಳ ಬಲಿ ಬೇಕು ಎಂದರು. 60 ಜನರನ್ನು, ಕೆಲವು ಕುದುರೆ ಕೋಣಗಳನ್ನು ಗುಡಿಯ ಮುಂದೆ ತಲೆ ಕಡಿಸಿದ ಎಂದು ಪಾಯಸ್ ಹೇಳುತ್ತಾನೆ. ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಚರಿತ್ರೆಯಲ್ಲಿ ಇದರ ಇಂಗ್ಲಿಷ್ ಅನುವಾದ ಇದೆ. ಹಂಪಿಯ ವೈಭವ ವರ್ಣಿಸುವಾಗ ಪಾಯಸ್‌ನನ್ನು ಕರೆತರುವ ನಾವು ಈ ಪುಟಕ್ಕೆ ಬಂದಾಗ ಮಗುಚಿ ಹಾಕುತ್ತೇವೆ.

ಆ 60 ಜನ ಯಾರು? ಅವರ ಅಪರಾಧ ಏನು? ಅವರಿಗೆ ಹೆಂಡಿರು ಮಕ್ಕಳು ಇರಲಿಲ್ಲವೇ? ಕುದುರೆ ಕೋಣಗಳ ಜೊತೆ ಒಂದೇ ಸಾಲಿನಲ್ಲಿ ಎಣಿಸಿದ ಆ ಜನರ ಮೇಲೆ ಒಂದು ಹಾಡೂ ಉಳಿದಿಲ್ಲ. ಯಾವ ಕೆರೆಯ ಏರಿಯ ಮೇಲೂ ಅವರ ಕಲ್ಲಿಲ್ಲ. ಹೊತ್ತಿಗೆ ಓದಿದವನು ಅದೇ, ಆರಿಸಿದವನು ಅದೇ. ಗೌಡನ ಜಾಗದಲ್ಲಿ ರಾಯ, ಅಷ್ಟೇ. ಹಾಡಿನ ಕಲ್ಪನೆ ಎಂದು ನಾವು ತಳ್ಳಿಹಾಕುವುದು ಚರಿತ್ರೆಯ ಪುಟದಲ್ಲಿ ಸಂಖ್ಯೆಯ ಸಮೇತ ಕೂತಿದೆ.

ಅದಕ್ಕೂ ಮೊದಲಿನದು ಪೋರುಮಾಮಿಳ್ಳದ ಶಾಸನ. ನಮ್ಮ ಬಳ್ಳಾರಿಯಂತೆ 1800ರಲ್ಲಿ ಕುಂಪಣಿಯ ಕೈಸೇರಿದ ಕಡಪ ಸೀಮೆಯಲ್ಲಿ, 1369ರಲ್ಲಿ ವಿಜಯನಗರದ ರಾಜಕುಮಾರ ಭಾಸ್ಕರ ಕಟ್ಟಿಸಿದ ಕೆರೆಯದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಲಕ್ಷಣಗಳನ್ನು ಅದು ಸಂಸ್ಕೃತದಲ್ಲಿ ಹೇಳುತ್ತದೆ. 1000 ಕೂಲಿಯಾಳುಗಳು, 100 ಬಂಡಿಗಳು, ಎರಡು ವರ್ಷದ ಕೆಲಸ ಎಂದೂ ಹೇಳುತ್ತದೆ. ಕಟ್ಟಿಸಿದವನ ವಂಶ ಕಲ್ಲಿನ ಮೇಲಿದೆ, ಮಣ್ಣು ಹೊತ್ತವರು 1000 ಎಂಬ ಅಂಕಿಯಾಗಿ ಉಳಿದಿದ್ದಾರೆ. ಕೆರೆ ತೋಡಿದ ವಡ್ಡರ ಗುದ್ದಲಿಗೆ, ಮಣ್ಣಿನ ಬುಟ್ಟಿ ಹೊತ್ತ ಹೆಣ್ಣುಮಕ್ಕಳ ತಲೆಗೆ ಯಾವ ಲಕ್ಷಣಶಾಸ್ತ್ರದಲ್ಲೂ ಜಾಗವಿಲ್ಲ. ಪುರಾಣವಾದರೂ ಏನು ಹೇಳುತ್ತದೆ? ಸಗರನ 60,000 ಮಕ್ಕಳು ಭೂಮಿ ಅಗೆದರು, ಕಪಿಲ ಮುನಿಯ ಕಣ್ಣುರಿಗೆ ಬೂದಿಯಾದರು. ಅಗೆದವರು ಬೂದಿ. ತಪಸ್ಸು ಮಾಡಿ ಗಂಗೆಯನ್ನು ಇಳಿಸಿದ ಭಗೀರಥನಿಗೆ ಕೀರ್ತಿ, ಇವತ್ತಿಗೂ ದೊಡ್ಡ ಕೆಲಸಕ್ಕೆ ಭಗೀರಥ ಪ್ರಯತ್ನ ಅಂತೀವಿ. ನಮ್ಮ ಹಾಡಿನ ಹೆಂಗಸರು ಅದೇ ಹೆಸರನ್ನು ಹೆಣ್ಣು ಮಾಡಿ ಭಾಗೀರಥಿ ಎಂದು ಇಟ್ಟಿದ್ದಾರೆ. ಭಗೀರಥ ನೀರು ತಂದು ಬದುಕಿದ, ಭಾಗೀರಥಿ ನೀರು ತಂದು ಸತ್ತಳು. ಇದಕ್ಕಿಂತ ದೊಡ್ಡ ಪುರಾಣ ವಿಮರ್ಶೆ ಯಾವ ಪಂಡಿತ ಬರೆದಿದ್ದಾನೆ?

ನಮ್ಮ ಮುಖ್ಯ ವಾದ ಇಲ್ಲಿದೆ. ಜಲದೇವತೆ, ಜಲಪಿಶಾಚಿ ಎಂದು ವಿದ್ವಾಂಸರು ಒಂದೇ ಬುಟ್ಟಿಗೆ ಹಾಕುವ ನೀರಿನ ಶಕ್ತಿಗಳು ಒಂದೇ ಜಾತಿಯವಲ್ಲ. ಒಂದು, ಬಲಿ ಬೇಡುವ ದೇವತೆ. ಇವಳಿಗೆ ಸ್ವಂತ ನಾಲಗೆ ಇಲ್ಲ, ಯಾವಾಗಲೂ ಹೊತ್ತಿಗೆಯ ಮೂಲಕ, ಪೂಜಾರಿಯ ಮೂಲಕ ಮಾತಾಡುತ್ತಾಳೆ. ಇನ್ನೊಂದು, ನೀರಿನಲ್ಲಿ ಮುಳುಗಿಸಿದ ಜೀವ. ಇದು ಯಾರನ್ನೂ ನಡುವೆ ಇಟ್ಟುಕೊಳ್ಳದೆ ತಾನೇ ಎದ್ದು ಬರುತ್ತದೆ. ಮೊದಲನೆಯದು ಒಡೆಯರ ದೇವತೆ. ಎರಡನೆಯದು ಸತ್ತವರ ಸಾಕ್ಷಿ. ಇವೆರಡನ್ನೂ ಕಲಸಿ ಒಂದು ಮಾಡಿದಾಗ ಕೊಂದವರಿಗೇ ಲಾಭ.

ಎರಡನೆಯ ಜಾತಿಯನ್ನು ಜಗತ್ತಿನ ತುಂಬ ನೋಡಬಹುದು. ರಷ್ಯಾ, ಉಕ್ರೇನಿನ ಹಳ್ಳಿಗಳಲ್ಲಿ 'ರುಸಾಲ್ಕ' ಎಂಬ ನೀರಿನ ಹೆಣ್ಣಿನ ನಂಬಿಕೆ ಇದೆ. ಇವರು ಆಯುಷ್ಯ ಮುಗಿಯದೆ ಸತ್ತವರು, ಮುಳುಗಿ ಸತ್ತ ಹುಡುಗಿಯರು. 1916ರಲ್ಲಿ ದ್ಮಿತ್ರಿ ಜೆಲೆನಿನ್ ಎಂಬ ವಿದ್ವಾಂಸ ಅಕಾಲ ಮರಣಕ್ಕೂ ರುಸಾಲ್ಕಗಳಿಗೂ ಇರುವ ಸಂಬಂಧದ ಮೇಲೆ ಪುಸ್ತಕವನ್ನೇ ಬರೆದ. ಬೇಸಿಗೆಯ ಮೊದಲಲ್ಲಿ ಒಂದು ವಾರ ಅವರು ನೀರಿನಿಂದ ಎದ್ದು ಹೊಲಕ್ಕೆ ಬರುತ್ತಾರೆ, ಪೈರಿಗೆ ತೇವ ತರುತ್ತಾರೆ ಎಂದು ರೈತರು ನಂಬುತ್ತಿದ್ದರು. ನೋಡ್ರಿ, ಬದುಕಿದ್ದಾಗ ಊರು ಇಟ್ಟುಕೊಳ್ಳದ ಹುಡುಗಿ ಸತ್ತ ಮೇಲೆ ಊರಿನ ಹೊಲಕ್ಕೆ ನೀರು ಕಟ್ಟಬೇಕು. ಸತ್ತರೂ ಬಿಟ್ಟಿ ಚಾಕರಿ ತಪ್ಪಲಿಲ್ಲ.

ಜಪಾನಿನ ಹೊಳೆಗಳಲ್ಲಿ 'ಕಪ್ಪ' ಎಂಬ ಮಗುವಿನಷ್ಟು ಎತ್ತರದ ಪ್ರಾಣಿ ಇದೆಯಂತೆ. ಅದರ ನೆತ್ತಿಯ ಮೇಲೆ ನೀರು ತುಂಬಿದ ತಟ್ಟೆ, ನೀರು ಚೆಲ್ಲಿದರೆ ಅದರ ಶಕ್ತಿ ಹೋಯಿತು. ಇದರ ಹುಟ್ಟಿನ ಬಗ್ಗೆ ಇರುವ ಕತೆಗಳಲ್ಲಿ ಒಂದು ನಮ್ಮ ಎದೆಗೆ ನಾಟಿತು. ದೊಡ್ಡ ಕಟ್ಟಡ ಮುಗಿಸಲು ಆಳು ಸಾಲದೆ ಬಡಗಿ ಗೊಂಬೆಗಳನ್ನು ಮಾಡಿ ಜೀವ ತುಂಬಿ ದುಡಿಸಿಕೊಂಡ. ಕೆಲಸ ಮುಗಿದ ಮೇಲೆ ಅವನ್ನು ಹೊಳೆಗೆ ಎಸೆದ. ಎಸೆದ ಗೊಂಬೆಗಳೇ ಕಪ್ಪಗಳಾದವು. ಜಪಾನಿನಲ್ಲಿ ಹಿಂದೆ ಹೊಳೆದಂಡೆಯ ಮರಳಿನ ಮೇಲೆ ಇರಬೇಕಾಗಿದ್ದ, ಸತ್ತ ದನ ಸುಲಿಯುವ, ಚರ್ಮ ಹದ ಮಾಡುವ, ಮಣ್ಣು ಅಗೆಯುವ ಜನ ಇದ್ದರು. ಅವರನ್ನು 'ಕವರಮೊನೊ', ಅಂದರೆ ಹೊಳೆದಂಡೆಯವರು ಎಂದು ಕೀಳು ಮಾಡಿ ಕರೆಯುತ್ತಿದ್ದರು. ಗೊಂಬೆಯ ಕತೆಯಲ್ಲಿ ಈ ಜನರ ನೆರಳನ್ನು ಅಲ್ಲಿಯ ಜಾನಪದ ವಿದ್ವಾಂಸರು ಗುರುತಿಸಿದ್ದಾರೆ. ದುಡಿಸಿಕೊಂಡು ನೀರಿಗೆ ಎಸೆದವರು ನೀರಿನಿಂದ ಎದ್ದು ಕಾಲು ಹಿಡಿದು ಎಳೆದರೆ ಅದನ್ನು ಪಿಶಾಚಿ ಎನ್ನಬೇಕೋ, ಬಾಕಿ ವಸೂಲಿ ಎನ್ನಬೇಕೋ?

ಆಫ್ರಿಕದ ಯೊರುಬಾ ಜನರ 'ಯೆಮೋಜಾ' ಒಂದು ನದಿಯ ತಾಯಿ. ಅವಳ ಮಕ್ಕಳನ್ನು ಬಿಳಿಯರು ಹಡಗಿನಲ್ಲಿ ತುಂಬಿ ಅಮೆರಿಕ ಖಂಡಗಳಿಗೆ ಸಾಗಿಸಿದರು. ಆಫ್ರಿಕದಿಂದ ಹಾಗೆ ಹೊರಟ ಸುಮಾರು 1 ಕೋಟಿ 25 ಲಕ್ಷ ಜನರಲ್ಲಿ 18 ಲಕ್ಷದಷ್ಟು ಜನ ನಡುಗಡಲಲ್ಲೇ ಸತ್ತರೆಂದು ಚರಿತ್ರಕಾರರ ಅಂದಾಜು. ಬದುಕಿ ಬ್ರೆಜಿಲ್ ಮುಟ್ಟಿದವರ ಜೊತೆ ಯೆಮೋಜಾ 'ಇಯೆಮಾಂಜಾ' ಆಗಿ ಬಂದಳು. ನದಿಯ ತಾಯಿ ಕಡಲಿನ ತಾಯಿಯಾದಳು. ಇವತ್ತಿಗೂ ಫೆಬ್ರವರಿ 2ರಂದು ಸಾಲ್ವದೋರ್ ನಗರದ ಮೀನುಗಾರರು ಅವಳಿಗೆ ಕಡಲಿನಲ್ಲಿ ಹೂ ಬಿಡುತ್ತಾರೆ. ಮಕ್ಕಳು ಎಲ್ಲಿ ಮುಳುಗಿದರೋ ಅಲ್ಲಿಗೇ ಬಂದು ಕೂತ ತಾಯಿ ಇವಳು. ದೇವತೆಯನ್ನು ಶೋಷಿತರು ತಮ್ಮ ಕೈಗೆ ತೆಗೆದುಕೊಂಡರೆ ಅವಳು ಹೇಗಿರುತ್ತಾಳೆ ಎಂಬುದಕ್ಕೆ ಇದು ಸಾಕ್ಷಿ.

ನಮ್ಮಲ್ಲಿ ಆಗಿರುವುದು ಇದರ ಉಲ್ಟಾ. ಪಂಪಾ ಎಂಬುದು ತುಂಗಭದ್ರೆಯ ಹಳೆಯ ಹೆಸರು, ಆ ಹೆಸರಿನ ಹೆಣ್ಣು ದೇವತೆ ಈ ನೆಲದವಳು. ಹಂಪಿ ಎಂಬ ಹೆಸರೇ ಅವಳಿಂದ ಬಂತು. ಅವಳನ್ನು ವಿರೂಪಾಕ್ಷನಿಗೆ ಮದುವೆ ಮಾಡಿಸಿ ದೊಡ್ಡ ಗುಡಿಯಲ್ಲಿ ಪಕ್ಕದ ಗುಡಿಯವಳನ್ನಾಗಿ ಮಾಡಿದರು. ಫಲಪೂಜೆ, ಕಲ್ಯಾಣೋತ್ಸವ ಎಂದು ಆ ಮದುವೆ ಈಗಲೂ ವರ್ಷ ವರ್ಷ ನಡೆಯುತ್ತದೆ. ಸ್ವತಂತ್ರ ಹೊಳೆ ಒಬ್ಬನ ಹೆಂಡತಿಯಾಯಿತು. ಅದೇ ಹೊಳೆಗೆ 1945ರಲ್ಲಿ ಕೆಲಸ ಶುರು ಮಾಡಿ 1953ಕ್ಕೆ ಅಣೆಕಟ್ಟು ನಿಲ್ಲಿಸಿದರು. ಕಾಲುವೆ ಬಂತು, ಬಳ್ಳಾರಿ, ಸಿರುಗುಪ್ಪ ಸೀಮೆಯಲ್ಲಿ ಭತ್ತ ಬಂತು. ನೀರು ಬಂದದ್ದು ಬೇಡ ಎಂದು ನಾವು ಹೇಳುವುದಿಲ್ಲ. ಆದರೆ ಸುಮಾರು 90 ಹಳ್ಳಿಗಳು ಆ ನೀರಿನಡಿ ಹೋದವು. ಅಣೆಕಟ್ಟು ತುಂಬಿದಾಗ ಮಂತ್ರಿಗಳು ಬಂದು ಮೊರದಲ್ಲಿ ಸೀರೆ, ಬಳೆ, ಅರಿಶಿನ ಕುಂಕುಮ ಇಟ್ಟು ಬಾಗಿನ ಬಿಡುತ್ತಾರೆ. ಹೊಳೆಗೆ ಸೀರೆ ಉಂಟು. ಮುಳುಗಿದ ಊರುಗಳ ಹೆಸರು ಓದುವವರು ಯಾರು?

ಇನ್ನು ಮಡಿಯ ಮಾತು. ನೀರು ದೇವತೆ ಅಂತೀರಿ. ಒಬ್ಬ ಬಾಣಂತಿ ವಯಸ್ಸಿನ ಹೆಣ್ಣನ್ನು ನುಂಗಿದರೂ, 60 ಜನರ ರಕ್ತ ಹರಿದರೂ ಆ ದೇವತೆಗೆ ಮೈಲಿಗೆ ಆಗುವುದಿಲ್ಲ. ಬಾಯಾರಿದ ಒಂದು ಕೈ ತಾಕಿದರೆ ಮೈಲಿಗೆ ಆಗುತ್ತದೆ! ಹಳೇ ಮೈಸೂರು ಕಡೆ ಕೆರೆಯ ತೂಬು ಎತ್ತಿ ಊರ ಗದ್ದೆಗಳಿಗೆಲ್ಲ ನೀರು ಹಂಚುವ ನೀರಗಂಟಿ ಎಷ್ಟೋ ಊರುಗಳಲ್ಲಿ ನಮ್ಮ ಕೇರಿಯವನೇ. ಗದ್ದೆಗೆ ಬಿಡುವ ನೀರಿಗೆ ಅವನ ಕೈ ಬೇಕು, ಕುಡಿಯುವ ನೀರಿಗೆ ಅದೇ ಕೈ ಹೊಲೆ. 1927ರ ಮಾರ್ಚ್ 20ರಂದು ಬಾಬಾಸಾಹೇಬ ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಮಹಾಡದ ಚವದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಆಮೇಲೆ ಅಲ್ಲಿಯ ಸವರ್ಣೀಯರು ಸಗಣಿ, ಗೋಮೂತ್ರ, ಹಾಲು, ಮೊಸರು ಸುರಿದು ಮಂತ್ರ ಹೇಳಿ ಕೆರೆಯನ್ನು ಶುದ್ಧ ಮಾಡಿದರು. ಮೊಕದ್ದಮೆ 1937ರವರೆಗೆ ಎಳೆಯಿತು, ಬೊಂಬಾಯಿ ಹೈಕೋರ್ಟಿನಲ್ಲಿ ನಮಗೆ ಜಯವಾಯಿತು. ಸಂವಿಧಾನದ 15ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರು ಹಿಡಿದು ಹೇಳಿತು. ಇಷ್ಟಾದ ಮೇಲೂ 2022ರ ನವೆಂಬರ್‌ನಲ್ಲಿ ನಮ್ಮದೇ ರಾಜ್ಯದ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ, ಮದುವೆಗೆ ಬಂದ ದಲಿತ ಹೆಣ್ಣುಮಗಳೊಬ್ಬಳು ಬೀದಿಯ ತೊಂಬೆಯ ನಲ್ಲಿಯಲ್ಲಿ ನೀರು ಕುಡಿದಳೆಂದು ತೊಂಬೆ ಖಾಲಿ ಮಾಡಿ ಗೋಮೂತ್ರದಿಂದ ತೊಳೆದರು. ಮಹಾಡಕ್ಕೂ ಇದಕ್ಕೂ ನಡುವೆ 95 ವರ್ಷ. ಕೆರೆಯ ಜಾಗಕ್ಕೆ ಸಿಮೆಂಟಿನ ತೊಂಬೆ ಬಂತು, ಸುರಿಯುವುದು ಬದಲಾಗಲಿಲ್ಲ.

ಹೀಗಿರುವಾಗ ಕೆಲವು ಸಂಗಾತಿಗಳು ನಮಗೆ ಹೇಳುತ್ತಾರೆ: ಈ ಗಂಗಮ್ಮ, ಈ ದೆವ್ವ, ಈ ಹಾಡು ಎಲ್ಲ ಮೂಢನಂಬಿಕೆ, ಕಿತ್ತು ಬಿಸಾಕಿ. ಅವರ ಸಿಟ್ಟು ನ್ಯಾಯವೇ. ಆದರೆ ಬಿಸಾಕಿದರೆ ಸಾಕ್ಷಿಯನ್ನೇ ಬಿಸಾಕಿದ ಹಾಗೆ ಆಗುತ್ತದೆ. ನಮ್ಮ ಉತ್ತರದ ಸೀಮೆಯ ಜೋಕುಮಾರನನ್ನು ನೋಡಿರಿ. ಭಾದ್ರಪದದಲ್ಲಿ ಗಣಪತಿ ಬಂದು ಕಡುಬು ಉಂಡು, ಉಳ್ಳವರ ಮನೆಯ ಪಡಸಾಲೆ ನೋಡಿ, ಲೋಕ ಸುಖವಾಗಿದೆ ಎಂದು ಶಿವನಿಗೆ ವರದಿ ಕೊಡುತ್ತಾನಂತೆ. ಅವನ ಹಿಂದೆ ಬರುವವನು ಜೋಕುಮಾರ. ಅಂಬಿಗರ, ಬಾರಿಕರ ಮನೆಯ ಹೆಂಗಸರು ಅವನನ್ನು ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಕೂರಿಸಿ, ಬಾಯಿಗೆ ಬೆಣ್ಣೆ ಹಚ್ಚಿ ಓಣಿ ಓಣಿ ತಿರುಗಿಸುತ್ತಾರೆ. ಅವನು ಒಣಗಿದ ಹೊಲ ನೋಡುತ್ತಾನೆ, ಬರಿದಾದ ಗಡಿಗೆ ನೋಡುತ್ತಾನೆ. ಹುಣ್ಣಿಮೆಯ ಹೊತ್ತಿಗೆ ಅವನನ್ನು ಕೊಲ್ಲುತ್ತಾರೆ, ಅಗಸರ ಬಂಡೆಯ ಹತ್ತಿರ ಅವನ ಕತೆ ಮುಗಿಯುತ್ತದೆ. ಸತ್ತು ಹೋಗಿ ಶಿವನಿಗೆ ನಿಜ ಹೇಳುತ್ತಾನೆ: ಜನ ಹಸಿದಿದ್ದಾರೆ, ಭೂಮಿ ಬಾಯಿಬಿಟ್ಟಿದೆ. ಆಗ ಮಳೆ. ಚಂದ್ರಶೇಖರ ಕಂಬಾರರು 1972ರಲ್ಲಿ ಈ ದೇವರ ಹೆಸರಿನಲ್ಲೇ ನಾಟಕ ಬರೆದು ಗೌಡಿಕೆಯ ಮುಖಕ್ಕೆ ಕನ್ನಡಿ ಹಿಡಿದರು. ಮಳೆ ತರುವುದು ಹೆಣ್ಣಿನ ಬಲಿಯಲ್ಲ, ಬಡವರ ನಿಜಸ್ಥಿತಿಯ ವರದಿ ಎಂದು ಹೇಳುವ ದೇವರು ನಮ್ಮ ಬುಟ್ಟಿಯಲ್ಲೇ ಇದ್ದಾನೆ. ಅವನನ್ನೂ ಕಿತ್ತು ಬಿಸಾಕಬೇಕೇನು?

ಬೇಕಾಗಿರುವುದು ಹಾಡನ್ನು ಬಿಡುವುದಲ್ಲ, ಅದನ್ನು ಬೇರೆ ಥರ ಓದುವುದು. 'ಕೆರೆಗೆ ಹಾರ'ದ ಕತೆಯನ್ನು ಬರಗೂರು ರಾಮಚಂದ್ರಪ್ಪನವರು 2012ರಲ್ಲಿ 'ಭಾಗೀರಥಿ' ಎಂದು ಸಿನಿಮಾ ಮಾಡಿದರು. ಅಂದರೆ ಈ ಹಾಡು ಇನ್ನೂ ಜನರ ಮುಂದೆ ಬರುತ್ತಲೇ ಇದೆ, ಬರುತ್ತಲೇ ಇರುತ್ತದೆ. ಅದನ್ನು ಮಕ್ಕಳಿಗೆ ಯಾರು ಹೇಗೆ ಹೇಳಿಕೊಡುತ್ತಾರೆ ಎಂಬುದರ ಮೇಲೆ ಎಲ್ಲ ನಿಂತಿದೆ. ಹಳ್ಳಿಯ ಶಾಲೆಯ ಮೇಷ್ಟ್ರುಗಳಿಗೆ ನಮ್ಮ ವಿನಂತಿ ಇಷ್ಟೇ. ಈ ಪಾಠ ಬಂದ ದಿನ ತ್ಯಾಗ ಎಂಬ ಮಾತನ್ನು ಹಲಗೆಯ ಮೇಲೆ ಬರೆಯಬೇಡಿರಿ. ಬದಲಿಗೆ ಮಕ್ಕಳನ್ನೇ ಕೇಳಿರಿ. ಕೆರೆ ತೋಡಿದವರು ಯಾರು, ಅವರ ಹೆಸರು ಹಾಡಿನಲ್ಲಿ ಯಾಕಿಲ್ಲ? ಹಿರಿಸೊಸೆಯನ್ನು ಬಿಟ್ಟು ಕಿರಿಸೊಸೆಯನ್ನು ಆರಿಸಿದ್ದು ಯಾಕೆ? ಗಂಡ ದಂಡಿನಿಂದ ಬರುವವರೆಗೆ ಕಾಯಬಹುದಿತ್ತಲ್ಲ? ಭಾಗೀರಥಿ ಅಪ್ಪನಿಗೆ ಹೇಳದ ಮಾತನ್ನು ಗೆಳತಿಗೆ ಯಾಕೆ ಹೇಳಿದಳು? ತುಂಬಿದ ಕೆರೆಯಿಂದ ಮೊದಲ ಕೊಡ ತುಂಬಿಕೊಂಡವರು ಯಾರು, ದಡದ ಮೇಲೆ ದೂರ ನಿಂತವರು ಯಾರು? ಆಮೇಲೆ ಮಕ್ಕಳನ್ನು ನಿಮ್ಮ ಊರಿನ ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿರಿ. ಉತ್ತರ ಅಲ್ಲೇ ಸಿಗುತ್ತದೆ, ಗೈಡು ಬೇಕಾಗಿಲ್ಲ.

ವಿದ್ಯಾರ್ಥಿ ಗೆಳೆಯರಿಗೂ ಒಂದು ಮಾತು. ಊರಿಗೆ ಹೋದಾಗ ಅಜ್ಜಿಯರನ್ನು ಕೇಳಿರಿ, ನಮ್ಮ ಕೆರೆಯಲ್ಲಿ ನಮ್ಮ ಬಾವಿಯಲ್ಲಿ ಯಾರದಾರ ಅಂತ. ದೆವ್ವ ಐತಿ ಅಂದರೆ ನಗಬೇಡಿರಿ. ಆ ದೆವ್ವ ಬದುಕಿದ್ದಾಗ ಯಾರಾಗಿತ್ತು, ಯಾರ ಮನೆಯ ಸೊಸೆ, ಯಾರ ಹೊಲದ ಜೀತದಾಳು, ಯಾಕೆ ಬಾವಿಗೆ ಬಿದ್ದಿತು ಎಂದು ಕೇಳಿ ಬರೆದುಕೊಳ್ಳಿರಿ. ಯಾವ ಶಾಸನದಲ್ಲೂ ಇಲ್ಲದ ಚರಿತ್ರೆ ಆ ನೀರಿನಲ್ಲಿ ಮುಳುಗಿದೆ. ಅದನ್ನು ಎತ್ತುವ ಕೆಲಸ ವಿಶ್ವವಿದ್ಯಾಲಯದ ಪಂಡಿತರಿಗೆ ಬಿಟ್ಟರೆ ಅವರು ಮತ್ತೆ ತ್ಯಾಗ ಅಂತ ಚೀಟಿ ಅಂಟಿಸಿ ಕಪಾಟಿನಲ್ಲಿ ಇಡುತ್ತಾರೆ.

ನೀರು ಯಾರನ್ನೂ ಬೇಡಿಲ್ಲ, ಬೇಡುವುದೂ ಇಲ್ಲ. ಅದು ತಗ್ಗು ಇದ್ದ ಕಡೆ ಹರಿಯುತ್ತದೆ, ಬಾಯಾರಿದವರ ಗಂಟಲಿಗೆ ಇಳಿಯುತ್ತದೆ, ಜಾತಿ ಕೇಳುವುದಿಲ್ಲ. ಅದರ ಹೆಸರಿನಲ್ಲಿ ಬೇಡಿದವರು ಮನುಷ್ಯರು. ಬಲಿ ಬೇಡಿದರು, ಮಡಿ ಬೇಡಿದರು, ಇವತ್ತು ಬಾಗಿನ ಬಿಟ್ಟು ಮತ ಬೇಡುತ್ತಾರೆ. ಇನ್ನು ಮುಂದೆ ಬಂಗಾರದ ಬಟ್ಟಲು ಕೆರೆಯಲ್ಲಿ ಉಳಿದೈತಿ ಅಂತ ಯಾರಾದರೂ ನಮ್ಮ ಹೆಣ್ಣುಮಕ್ಕಳನ್ನು ಕಳಿಸಲು ಬಂದರೆ ನಮ್ಮ ಉತ್ತರ ಒಂದೇ: ಬಟ್ಟಲು ನಿಮ್ಮದು ಗೌಡ್ರ, ನೀವೇ ಹೋಗಿ ತಗೊಂಡು ಬರ್ರಿ.